ಆರ್ಕ್ ಫ್ಲ್ಯಾಶ್ ಸ್ಟಡಿ ಹಳತಾಗದಂತೆ ನೋಡಿಕೊಳ್ಳುವುದು ಹೇಗೆ?

ದಾಬಸ್‌ಪೇಟೆ ಕಡೆ ಒಂದು ಮಧ್ಯಮ ಗಾತ್ರದ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಗಾಡಿಗಳ ಬಿಡಿಭಾಗ ಮಾಡುತ್ತೇವೆ. ಹೊರದೇಶದ ಗ್ರಾಹಕರು ಇರುವುದರಿಂದ ಆಡಿಟ್ ತಪ್ಪಿದ್ದಲ್ಲ. ಆಡಿಟರ್ ಪ್ಯಾನಲ್ ರೂಮಿಗೆ ಬಂದ ಕೂಡಲೇ ಆರ್ಕ್ ಫ್ಲ್ಯಾಶ್ ಲೇಬಲ್ (ಪ್ಯಾನಲ್ ಒಳಗಿನ ಕಿಡಿಯಿಂದ ಎಷ್ಟು ಅಪಾಯ ಅಂತ ಹೇಳುವ ಚೀಟಿ) ಮೇಲಿನ ದಿನಾಂಕ ನೋಡುತ್ತಾರೆ. 5 ವರ್ಷದ ಒಳಗಿನದಾ? ಹೌದು. ಟಿಕ್ ಹಾಕಿ ಮುಂದೆ ಹೋಗುತ್ತಾರೆ.

ನನ್ನ ತಕರಾರು ಇರೋದೇ ಇಲ್ಲಿ. ಸ್ಟಡಿ ಕ್ಯಾಲೆಂಡರ್ ನೋಡಿಕೊಂಡು ಹಳತಾಗುವುದಿಲ್ಲ. ಯಾರೋ ಬ್ರೇಕರ್‌ನ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಒಂದು ಡಯಲ್ ತಿರುಗಿಸಿದ ದಿನವೇ ಹಳತಾಗುತ್ತದೆ. ಅದು ರಿಪೋರ್ಟ್ ಬಂದ ಮರುವಾರವೇ ಆಗಿರಬಹುದು. ಆಮೇಲೆ ಉಳಿದ ಹೆಚ್ಚು ಕಡಿಮೆ ಐದು ವರ್ಷ ಲೇಬಲ್ ಸುಳ್ಳು ಹೇಳುತ್ತಾ ಬಾಗಿಲಿಗೆ ಅಂಟಿಕೊಂಡಿರುತ್ತದೆ, ಆಡಿಟ್‌ನಲ್ಲಿ ಪಾಸೂ ಆಗುತ್ತದೆ.

ಹೊಸಬರಿಗಾಗಿ ಎರಡು ಮಾತು. ಪ್ಯಾನಲ್ ಒಳಗೆ ಶಾರ್ಟ್ ಆಗಿ ಕಿಡಿ (ಆರ್ಕ್) ಹತ್ತಿಕೊಂಡರೆ ಎದುರು ನಿಂತವನ ಮೈಗೆ ಎಷ್ಟು ಶಾಖ ಬಡಿಯುತ್ತದೆ ಅನ್ನುವ ಲೆಕ್ಕವೇ ಆರ್ಕ್ ಫ್ಲ್ಯಾಶ್ ಸ್ಟಡಿ. ಒಂದು ಚದರ ಸೆಂಟಿಮೀಟರ್‌ಗೆ ಇಷ್ಟು ಕ್ಯಾಲೊರಿ ಅಂತ ಅಳೆಯುತ್ತಾರೆ. 1.2 ಕ್ಯಾಲೊರಿ ಬಿದ್ದರೆ ಬರಿ ಚರ್ಮದಲ್ಲಿ ಬೊಬ್ಬೆ ಏಳುವ ಸುಟ್ಟ ಗಾಯ ಶುರು. ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು: ಎಷ್ಟು ಕರೆಂಟ್ ಹರಿಯುತ್ತದೆ, ಎಷ್ಟು ಹೊತ್ತಿಗೆ ಬ್ರೇಕರ್ ಆಫ್ ಆಗುತ್ತದೆ. ಇವೆರಡರಲ್ಲಿ ಯಾವುದು ಬದಲಾದರೂ ಲೇಬಲ್ ಮೇಲಿನ ಅಂಕಿ ಕೆಲಸಕ್ಕೆ ಬಾರದು.

ನಿಯಮ ಏನು ಕೇಳುತ್ತದೆ

5 ವರ್ಷ ಅನ್ನುವ ಲೆಕ್ಕ ಬಂದದ್ದು ಅಮೆರಿಕದ ಎನ್‌ಎಫ್‌ಪಿಎ 70ಇ ಸ್ಟ್ಯಾಂಡರ್ಡ್‌ನಿಂದ. ಅದು ಹೇಳುವುದು ಎರಡು ಮಾತು. ದೊಡ್ಡ ಬದಲಾವಣೆ ಆದಾಗ ಸ್ಟಡಿ ತಿದ್ದಬೇಕು. ಏನೂ ಆಗದಿದ್ದರೂ 5 ವರ್ಷ ಮೀರದಂತೆ ಒಮ್ಮೆ ಪರಿಶೀಲಿಸಬೇಕು. ಜನ ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಲೆಕ್ಕ ಹಾಕುವ ವಿಧಾನ ಐಇಇಇ 1584. ಅದು ಮೊದಲು ಬಂದದ್ದು 2002ರಲ್ಲಿ, ಪೂರ್ತಿ ಪರಿಷ್ಕರಣೆ ಆದದ್ದು 2018ರಲ್ಲಿ. ನಿಮ್ಮ ರಿಪೋರ್ಟ್‌ನಲ್ಲಿ 2002ರ ವಿಧಾನ ಅಂತ ಇದ್ದರೆ ಹೆಚ್ಚು ಯೋಚಿಸಬೇಡಿ, ಹೊಸದಾಗಿ ಮಾಡಿಸಿ. ಬಸ್ ಬಾರ್ (ಪ್ಯಾನಲ್ ಒಳಗೆ ಕರೆಂಟ್ ಹರಿಯುವ ಲೋಹದ ಪಟ್ಟಿ) ತುದಿ ನಿಮ್ಮ ಕಡೆಗೆ ಮುಖ ಮಾಡಿದೆಯೋ, ಮೇಲೆ ಕೆಳಗೆ ನಿಂತಿದೆಯೋ ಅನ್ನುವುದನ್ನು ಹಳೆಯ ವಿಧಾನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮುಖ ಮಾಡಿದ್ದರೆ ಶಾಖ ಜಾಸ್ತಿ ಬಡಿಯುತ್ತದೆ.

ನಮ್ಮ ದೇಶದ ಕಡೆಯಿಂದ ನೋಡಿದರೆ, ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. ಮೊದಲು 2010ರವು ಇದ್ದವು, ಈಗ 2023ರವು. 250 ಕಿಲೋವ್ಯಾಟ್‌ಗಿಂತ ಹೆಚ್ಚು ಕನೆಕ್ಟೆಡ್ ಲೋಡ್ ಇರುವ ಫ್ಯಾಕ್ಟರಿ ಒಬ್ಬ ಎಲೆಕ್ಟ್ರಿಕಲ್ ಸೇಫ್ಟಿ ಆಫೀಸರ್‌ನನ್ನು ನೇಮಿಸಬೇಕು. ಹೊಸ ಟ್ರಾನ್ಸ್‌ಫಾರ್ಮರ್, ಹೊಸ ಡಿಜಿ (ಡೀಸೆಲ್ ಜನರೇಟರ್) ಹಾಕಿದರೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು ಅನ್ನುವುದು ಈ ಲೈನಿನಲ್ಲಿ ಇರುವ ಎಲ್ಲರಿಗೂ ಗೊತ್ತು. ನಾನು ಮಾಡಿರುವ ಒಂದು ಸಣ್ಣ ಉಪಾಯ ಹೇಳುತ್ತೇನೆ. ಅಪ್ರೂವಲ್‌ಗೆ ಡ್ರಾಯಿಂಗ್ ಕಳಿಸುವ ದಿನವೇ ಅದರ ಒಂದು ಪ್ರತಿ ಸ್ಟಡಿ ಮಾಡುವವರಿಗೂ ಹೋಗುತ್ತದೆ. ಆ ಡ್ರಾಯಿಂಗ್ ಹೇಗೂ ಮಾಡಲೇಬೇಕು. ಇನ್ನೊಂದು ಮೇಲ್ ಕಳಿಸಲು ಏನು ಕಷ್ಟ?

ಯಾವಾಗ ಮತ್ತೆ ಲೆಕ್ಕ ಹಾಕಬೇಕು

ಟ್ರಾನ್ಸ್‌ಫಾರ್ಮರ್ ಬದಲಾದಾಗ ಅಂತ ಯಾರಾದರೂ ಹೇಳುತ್ತಾರೆ. ಆದರೂ ಅಂಕಿ ಇಟ್ಟು ನೋಡೋಣ. 500 ಕೆವಿಎ, 433 ವೋಲ್ಟ್, ಇಂಪೀಡೆನ್ಸ್ (ಕರೆಂಟ್‌ಗೆ ಟ್ರಾನ್ಸ್‌ಫಾರ್ಮರ್ ಒಡ್ಡುವ ತಡೆ) 4.5 ಶೇಕಡಾ ಅಂದುಕೊಳ್ಳಿ. ಪೂರ್ಣ ಲೋಡ್ ಕರೆಂಟ್ ಸುಮಾರು 667 ಆಂಪಿಯರ್. ಅದನ್ನು 0.045ರಿಂದ ಭಾಗಿಸಿದರೆ ಟರ್ಮಿನಲ್ ಹತ್ತಿರ ಶಾರ್ಟ್ ಆದಾಗ 14.8 ಕಿಲೋ ಆಂಪಿಯರ್. ಪ್ರೊಡಕ್ಷನ್ ಜಾಸ್ತಿ ಆಯ್ತು ಅಂತ ಅಲ್ಲಿ 1000 ಕೆವಿಎ, 5 ಶೇಕಡಾದ್ದು ತಂದು ಇಟ್ಟರೆ? 1333 ಭಾಗ 0.05, ಅಂದರೆ ಸುಮಾರು 26.7 ಕಿಲೋ ಆಂಪಿಯರ್. ಈಗ ಆ ಟ್ರಾನ್ಸ್‌ಫಾರ್ಮರ್ ಪಕ್ಕದ ಬೋರ್ಡಿನಲ್ಲಿ 25 ಕಿಲೋ ಆಂಪಿಯರ್ ತಡೆಯುವ ಎಂಸಿಸಿಬಿ (ಡಬ್ಬಿಯಂಥ ಬ್ರೇಕರ್) ಇದ್ದರೆ, ಆರ್ಕ್ ಫ್ಲ್ಯಾಶ್ ಮಾತು ಆಮೇಲೆ. ಮೊದಲು ಆ ಬ್ರೇಕರ್ ಶಾರ್ಟ್ ತಡೆಯುತ್ತದೋ, ಒಡೆದು ಹೋಗುತ್ತದೋ ಅನ್ನುವುದೇ ಪ್ರಶ್ನೆ. ಎರಡು ಟ್ರಾನ್ಸ್‌ಫಾರ್ಮರ್ ಇದ್ದು ಬಸ್ ಕಪ್ಲರ್ (ಎರಡೂ ಕಡೆಯ ಬಸ್ ಬಾರ್ ಜೋಡಿಸುವ ಬ್ರೇಕರ್) ಸೇರಿಸಿ ಪ್ಯಾರಲಲ್ ಓಡಿಸಿದರೆ ಈ ಅಂಕಿ ಹೆಚ್ಚು ಕಡಿಮೆ ಇಮ್ಮಡಿ. ಕೈಯಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಇಷ್ಟು ಲೆಕ್ಕ ಯಾವ ಸುಪರ್ವೈಸರ್ ಬೇಕಾದರೂ ಮಾಡಬಹುದು.

ಜನ ಮರೆಯುವುದು ಚಿಕ್ಕ ಬದಲಾವಣೆಗಳನ್ನು. ಬೆಳಗ್ಗೆ ಶಿಫ್ಟ್ ಶುರುವಾದಾಗ ಮೇನ್ ಏಸಿಬಿ (ದೊಡ್ಡ ಬ್ರೇಕರ್) ಸುಮ್ನೆ ಸುಮ್ನೆ ಟ್ರಿಪ್ ಆಗುತ್ತಿದೆ. ಪ್ರೊಡಕ್ಷನ್‌ನವರು ಫೋನ್ ಮೇಲೆ ಫೋನ್. ಯಾರೋ ಶಾರ್ಟ್ ಟೈಮ್ ಡಿಲೇಯನ್ನು (ಶಾರ್ಟ್ ಆದಾಗ ಆಫ್ ಆಗುವ ಮುನ್ನ ಕಾಯುವ ಹೊತ್ತು) 0.1 ಸೆಕೆಂಡ್‌ನಿಂದ 0.4ಕ್ಕೆ ತಿರುಗಿಸುತ್ತಾರೆ, ಇನ್‌ಸ್ಟಂಟೇನಿಯಸ್ (ಕಾಯದೆ ತಕ್ಷಣ ಆಫ್ ಮಾಡುವ ಭಾಗ) ಆಫ್ ಮಾಡುತ್ತಾರೆ. ಟ್ರಿಪ್ ನಿಂತಿತು, ಎಲ್ಲರೂ ಖುಷಿ. ಆದರೆ ಶಾಖ ಸಮಯದ ಜೊತೆ ನೇರವಾಗಿ ಏರುತ್ತದೆ. 0.1ರಲ್ಲಿ 5 ಕ್ಯಾಲೊರಿ ಇದ್ದ ಜಾಗ ಈಗ 20ರ ಹತ್ತಿರ. 8 ಕ್ಯಾಲೊರಿವರೆಗೆ ತಡೆಯುವ ಅಂಗಿ ತೊಟ್ಟು ಲೇಬಲ್ ನಂಬಿ ನಿಂತವನ ಗತಿ ಏನು? ಡಯಲ್ ತಿರುಗಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಪರ್ಚೇಸ್ ಆರ್ಡರ್ ಬೇಡ, ಗೇಟ್ ಪಾಸ್ ಬೇಡ, ಯಾರ ಸಹಿಯೂ ಬೇಡ. ಹಾಗಾಗಿ ಈ ಬದಲಾವಣೆ ಯಾವ ಕಾಗದದಲ್ಲೂ ಸಿಗುವುದಿಲ್ಲ.

ಇನ್ನೊಂದು ಮೋಸ ಡಿಜಿ. ಡಿಜಿ ಮೇಲೆ ಓಡುವಾಗ ಕರೆಂಟ್ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ ಅಂತ ಅನುಭವಿಗಳೂ ಹೇಳುವುದನ್ನು ಕೇಳಿದ್ದೇನೆ. 500 ಕೆವಿಎ ಡಿಜಿಯ ಪೂರ್ಣ ಲೋಡ್ ಕರೆಂಟ್ ಸುಮಾರು 700 ಆಂಪಿಯರ್. ಶಾರ್ಟ್ ಆದ ಮೊದಲ ಕ್ಷಣ 5-6 ಸಾವಿರ ಆಂಪಿಯರ್ ಕೊಡಬಹುದು, ಆಮೇಲೆ ಬೇಗ ಇಳಿಯುತ್ತದೆ. ಕಿಡಿಯ ಮೂಲಕ ಹರಿಯುವುದು ಇನ್ನೂ ಕಡಿಮೆ. ಡಿಜಿ ಬ್ರೇಕರ್‌ನ ಶಾರ್ಟ್ ಟೈಮ್ ಪಿಕಪ್ (ಎಷ್ಟು ಕರೆಂಟ್‌ಗೆ ಆ ಭಾಗ ಎಚ್ಚರವಾಗಬೇಕು ಅನ್ನುವ ಸೆಟ್ಟಿಂಗ್) 8 ಪಟ್ಟಿಗೆ, ಅಂದರೆ 5,600ಕ್ಕೆ ಇಟ್ಟಿದ್ದರೆ ಆ ಭಾಗ ಕದಲುವುದೇ ಇಲ್ಲ. ಓವರ್‌ಲೋಡ್ ಭಾಗ ಆಫ್ ಮಾಡುವವರೆಗೆ ಕಾಯಬೇಕು. ಅದಕ್ಕೆ ಸೆಕೆಂಡುಗಳೇ ಬೇಕು. ಆರ್ಕ್ ವಿಷಯದಲ್ಲಿ ಸೆಕೆಂಡು ಅಂದರೆ ತುಂಬಾ ದೊಡ್ಡ ಹೊತ್ತು. ಕಡಿಮೆ ಕರೆಂಟ್, ಆದರೆ ಜಾಸ್ತಿ ಸುಟ್ಟ ಗಾಯ.

ಇದೇ ಕಾರಣಕ್ಕೆ ಬೆಸ್ಕಾಂ ಕಡೆಯಿಂದ 11 ಕೆವಿ ಫಾಲ್ಟ್ ಲೆವೆಲ್ (ಶಾರ್ಟ್ ಆದರೆ ಅವರ ಲೈನಿನಿಂದ ಎಷ್ಟು ಕರೆಂಟ್ ಬರುತ್ತದೆ ಅನ್ನುವುದು) ಕೇಳುವಾಗ ಗರಿಷ್ಠ ಮಾತ್ರ ಕೇಳಬೇಡಿ. ಕನಿಷ್ಠವನ್ನೂ ಲಿಖಿತವಾಗಿ ಕೇಳಿ. ಗರಿಷ್ಠ ಬೇಕಾಗಿರುವುದು ಬ್ರೇಕರ್ ಶಕ್ತಿ ಸಾಕೇ ಅಂತ ನೋಡಲು. ಕನಿಷ್ಠ ಬೇಕಾಗಿರುವುದು ಬ್ರೇಕರ್ ಎಷ್ಟು ನಿಧಾನ ಆದೀತು ಅಂತ ನೋಡಲು. ಸಬ್‌ಸ್ಟೇಷನ್‌ನಲ್ಲಿ ಹೊಸ ಪವರ್ ಟ್ರಾನ್ಸ್‌ಫಾರ್ಮರ್ ಹಾಕಿದರೋ, ನಿಮ್ಮ ಫೀಡರನ್ನು ಬೇರೆ ಸ್ಟೇಷನ್‌ಗೆ ಬದಲಿಸಿದರೋ, ಈ ಅಂಕಿಗಳು ಬದಲಾಗುತ್ತವೆ. ಅದನ್ನು ನಿಮ್ಮ ಮನೆ ಬಾಗಿಲಿಗೆ ಬಂದು ಯಾರೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಪತ್ರ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಉತ್ತರ ತಡವಾಗಬಹುದು, ಆದರೂ ಕೇಳಿದ ದಾಖಲೆ ಫೈಲಿನಲ್ಲಿ ಇರುತ್ತದೆ.

ಛಾವಣಿ ಮೇಲೆ ಸೋಲಾರ್ ಹಾಕಿಸಿದ್ದರೆ ಅದನ್ನೂ ಸ್ಟಡಿಯ ಕಂಪ್ಯೂಟರ್ ಮಾಡೆಲ್‌ಗೆ ಸೇರಿಸಿ. ಇನ್ವರ್ಟರ್ ಶಾರ್ಟ್ ಕರೆಂಟ್ ಜಾಸ್ತಿ ಕೊಡುವುದಿಲ್ಲ, ತನ್ನ ರೇಟಿಂಗ್‌ಗಿಂತ ಸ್ವಲ್ಪ ಮೇಲೆ ಅಷ್ಟೇ. ದೊಡ್ಡ ಮೋಟರ್‌ಗಳು ಮಾತ್ರ ಶಾರ್ಟ್ ಆದ ಮೊದಲ ಕೆಲವು ಎಸಿ ಸೈಕಲ್‌ನಲ್ಲಿ ಫುಲ್ ಲೋಡ್‌ನ 4ರಿಂದ 6 ಪಟ್ಟು ವಾಪಸ್ ತಳ್ಳುತ್ತವೆ. ಕಂಪ್ರೆಸರ್ ಹೊಸದು ಬಂತಾ, ಬರೆದುಕೊಳ್ಳಿ.

ಮಾಹಿತಿ ಹೊಂದಿಸುವುದು

ಕೆಲಸದ ಮುಕ್ಕಾಲು ಪಾಲು ಇದೇ. ಸಾಫ್ಟ್‌ವೇರ್ ಓಡಿಸುವುದು ಕಡಿಮೆ ಹೊತ್ತಿನ ಕೆಲಸ, ಸರಿಯಾದ ಮಾಹಿತಿ ತರುವುದು ದೊಡ್ಡ ಪಾಡು. ಕನ್ಸಲ್ಟೆಂಟ್ ಕಡೆಯ ಹುಡುಗರು ಬಂದು ಎರಡು ದಿನ ಓಡಾಡಿ ಹೋಗುತ್ತಾರೆ. ಕಾಣದ ಕಡೆ 'ಅಂದಾಜು' ಅಂತ ಬರೆದುಕೊಳ್ಳುತ್ತಾರೆ. ಅದಕ್ಕೇ ನಿಮ್ಮ ವೈರ್‌ಮನ್ ಅವರ ಜೊತೆ ಇರಲೇಬೇಕು. ನಮ್ಮಲ್ಲಿ ಹಳೇ ವೈರ್‌ಮನ್ ಒಬ್ಬರಿದ್ದಾರೆ. ಯಾವ ಕೇಬಲ್ ಯಾವ ಟ್ರೆಂಚ್‌ನಲ್ಲಿ ಹೋಗಿ ಎಲ್ಲಿ ಜಾಯಿಂಟ್ ಆಗಿದೆ ಅಂತ ಡ್ರಾಯಿಂಗ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅವರು ರಿಟೈರ್ ಆಗುವ ಮುಂಚೆ ಎಲ್ಲವನ್ನೂ ಎಸ್‌ಎಲ್‌ಡಿ (ಇಡೀ ಫ್ಯಾಕ್ಟರಿಯ ವಿದ್ಯುತ್ ಜಾಲ ತೋರಿಸುವ ಸಿಂಗಲ್ ಲೈನ್ ಡ್ರಾಯಿಂಗ್) ಮೇಲೆ ಹತ್ತಿಸಬೇಕು ಅನ್ನುವುದು ನನ್ನ ಈ ವರ್ಷದ ಕೆಲಸ.

ಎಸ್‌ಎಲ್‌ಡಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿ, ಕೆಂಪು ಪೆನ್ ಹಿಡಿದು ಓಡಾಡಿ. ಟ್ರಾನ್ಸ್‌ಫಾರ್ಮರ್ ನೇಮ್‌ಪ್ಲೇಟ್‌ನಿಂದ ಕೆವಿಎ, ಇಂಪೀಡೆನ್ಸ್ ಬರೆದುಕೊಳ್ಳಿ. ಕೇಬಲ್ ಸೈಜ್, ಎಷ್ಟು ರನ್ (ಜೊತೆಜೊತೆಗೆ ಎಷ್ಟು ಕೇಬಲ್), ಎಷ್ಟು ಮೀಟರ್, ತಾಮ್ರವೋ ಅಲ್ಯೂಮಿನಿಯಮ್ಮೋ. ಬ್ರೇಕರ್‌ನ ಮೇಕ್, ಮಾಡೆಲ್, ರಿಲೀಸ್‌ನ (ಯಾವಾಗ ಟ್ರಿಪ್ ಆಗಬೇಕು ಅಂತ ತೀರ್ಮಾನಿಸುವ ಭಾಗ) ಮಾಡೆಲ್. ಫ್ಯೂಸ್ ಇದ್ದರೆ ಒಳಗಿರುವ ಫ್ಯೂಸ್ ನೋಡಿ, ಬಾಗಿಲ ಮೇಲಿನ ಚೀಟಿ ನಂಬಬೇಡಿ. ಸೆಟ್ಟಿಂಗ್ ಡಯಲ್‌ಗಳ ಫೋಟೋ ತೆಗೆಯಿರಿ. ಫೋಟೋದಲ್ಲಿ ಫೀಡರ್ ಹೆಸರಿನ ಪಟ್ಟಿಯೂ ಬರಬೇಕು. ಇಲ್ಲದಿದ್ದರೆ ಸಂಜೆ ಕೂತು ನೋಡಿದರೆ ಎಲ್ಲ ಬ್ರೇಕರ್‌ಗಳೂ ಒಂದೇ ಥರ ಕಾಣುತ್ತವೆ.

ಮಾಹಿತಿಗಾಗಿ ಕರೆಂಟ್ ಇರುವ ಪ್ಯಾನಲ್ ತೆರೆಯಬೇಡಿ. ಅಪಾಯ ಎಷ್ಟಿದೆ ಅಂತ ಗೊತ್ತಿಲ್ಲದೆ ಇರುವುದಕ್ಕೇ ಸ್ಟಡಿ ಮಾಡಿಸುತ್ತಿರುವುದು, ಅಲ್ವಾ? ಬೆಸ್ಕಾಂ ಲೈನ್ ಕ್ಲಿಯರ್ ಕೊಡುವ (ಲೈನ್ ಆಫ್ ಮಾಡಿಕೊಡುವ) ದಿನ, ಇಲ್ಲ ಆಯುಧ ಪೂಜೆಯ ಹಿಂದೆ ಮುಂದೆ ಸಿಗುವ ಶಟ್‌ಡೌನ್‌ಗೆ ಈ ಕೆಲಸ ಇಟ್ಟುಕೊಳ್ಳಿ. ನಾವು ಹೇಗೂ ಆಗ ಪ್ಯಾನಲ್ ಧೂಳು ಹೊಡೆದು, ನಟ್ ಬಿಗಿ ಮಾಡುತ್ತೇವೆ. ಜೊತೆಗೆ ಒಬ್ಬನ ಕೈಗೆ ಕ್ಯಾಮೆರಾ ಕೊಟ್ಟರೆ ಆಯಿತು.

ಪ್ಯಾನಲ್ ಸುತ್ತಲಿನ ಜಾಗವನ್ನೂ ನೋಡಿ. ಆರ್ಕ್ ಎಷ್ಟೇ ಹೊತ್ತು ಉರಿದರೂ ಮನುಷ್ಯ 2 ಸೆಕೆಂಡಿನಲ್ಲಿ ಓಡಿಹೋಗುತ್ತಾನೆ ಅಂತ ಲೆಕ್ಕದಲ್ಲಿ ಸಾಮಾನ್ಯವಾಗಿ ಹಿಡಿಯುತ್ತಾರೆ. ಓಡಲು ದಾರಿ ಇದ್ದರೆ ತಾನೇ? ಸ್ವಿಚ್‌ಬೋರ್ಡ್ ಮುಂದೆ ಕನಿಷ್ಠ 1 ಮೀಟರ್ ಖಾಲಿ ಇರಬೇಕು, ಹಿಂದೆ 20 ಸೆಂಟಿಮೀಟರ್‌ಗಿಂತ ಕಡಿಮೆ ಇಲ್ಲವೇ 75ಕ್ಕಿಂತ ಜಾಸ್ತಿ ಜಾಗ ಇರಬೇಕು ಅಂತ ನಿಯಮ ಹೇಳುತ್ತದೆ. ನಮ್ಮ ಕಡೆ ಎಷ್ಟೋ ಫ್ಯಾಕ್ಟರಿಗಳಲ್ಲಿ ಪ್ಯಾನಲ್ ಹಿಂದಿನ ದಾರಿಯಲ್ಲಿ ರಟ್ಟಿನ ಪೆಟ್ಟಿಗೆ, ಹಳೇ ಟ್ಯೂಬ್‌ಲೈಟ್, ಯಾರದ್ದೋ ಸೈಕಲ್. ಅಂಥ ಕಡೆ 2 ಸೆಕೆಂಡ್ ಅನ್ನುವುದು ಬರಿ ಕಾಗದದ ಮಾತು. ದಾರಿ ಖಾಲಿ ಮಾಡಿಸಿ, ಇಲ್ಲವೇ ಆ ಜಾಗಕ್ಕೆ 2 ಸೆಕೆಂಡ್ ಹಿಡಿಯಬೇಡಿ ಅಂತ ಹೇಳಿ.

ಫಲಿತಾಂಶ ಬಂದ ಮೇಲೆ

ರಿಪೋರ್ಟ್‌ನ ಮೊದಲ ಪುಟದ ಬಣ್ಣದ ಪಟ್ಟಿ ನೋಡಿ ಮುಗಿಸಬೇಡಿ. ಮೊದಲು ಬ್ರೇಕರ್ ಶಕ್ತಿಗಿಂತ ಫಾಲ್ಟ್ ಲೆವೆಲ್ ಜಾಸ್ತಿ ಇರುವ ಜಾಗ ಇದೆಯಾ ನೋಡಿ. ಆಮೇಲೆ ಗ್ರಿಡ್, ಡಿಜಿ, ಕಪ್ಲರ್ ಸೇರಿಸಿದ ಸ್ಥಿತಿ ಎಲ್ಲವಕ್ಕೂ ಬೇರೆ ಬೇರೆ ಲೆಕ್ಕ ಇದೆಯಾ, ಲೇಬಲ್‌ಗೆ ಅವುಗಳಲ್ಲಿ ಅತಿ ಹೆಚ್ಚಿನದನ್ನೇ ತೆಗೆದುಕೊಂಡಿದ್ದಾರಾ ನೋಡಿ.

ಅಂಕಿ ದೊಡ್ಡದು ಬಂದರೆ ಎಲ್ಲರೂ ಮೊದಲು ದಪ್ಪ ಸೂಟ್ ತರಿಸುವ ಮಾತಾಡುತ್ತಾರೆ. ಮೇ ತಿಂಗಳಲ್ಲಿ 40 ಕ್ಯಾಲೊರಿಯ ಸೂಟ್ ತೊಟ್ಟು ಪ್ಯಾನಲ್ ರೂಮಿನಲ್ಲಿ ನಿಂತು ನೋಡಿ, ಆಮೇಲೆ ಮಾತಾಡೋಣ. ಸೂಟ್ ಕೊನೆಯ ದಾರಿ. ಮೊದಲನೆಯದು ಕರೆಂಟ್ ಆಫ್ ಮಾಡಿ, ಬೀಗ ಹಾಕಿ, ಟೆಸ್ಟ್ ಮಾಡಿ ಕೆಲಸ ಮಾಡುವುದು. ಎರಡನೆಯದು ಸಮಯ ಕಡಿಮೆ ಮಾಡುವುದು. ಎಷ್ಟೋ ಸಲ ಒಂದು ಡಿಲೇ ಇಳಿಸಿದರೆ 20 ಇದ್ದದ್ದು 8ರ ಒಳಗೆ ಬರುತ್ತದೆ. ಖರ್ಚು ಸೊನ್ನೆ. ಹೊಸ ಏಸಿಬಿಗಳಲ್ಲಿ ಮೇಂಟೆನೆನ್ಸ್ ಮೋಡ್ ಸ್ವಿಚ್ ಸಿಗುತ್ತದೆ. ಕೆಲಸ ಮಾಡುವಾಗ ಆನ್ ಮಾಡಿದರೆ ಬ್ರೇಕರ್ ತಡಮಾಡದೆ ಟ್ರಿಪ್ ಆಗುತ್ತದೆ. ಕಿಡಿಯ ಬೆಳಕು ಕಂಡು ಬ್ರೇಕರ್‌ಗೆ ಟ್ರಿಪ್ ಆಗಲು ಹೇಳುವ ಆರ್ಕ್ ರಿಲೇಗಳೂ ಇವೆ. ಬ್ರೇಕರ್ ರ‍್ಯಾಕ್ ಔಟ್ ಮಾಡುವಾಗ, ಅಂದರೆ ಪ್ಯಾನಲ್‌ನಿಂದ ಹೊರಗೆ ಎಳೆಯುವಾಗ, ದೂರ ನಿಂತು ಮಾಡುವ ಸಲಕರಣೆ ಸಿಗುತ್ತದೆ. ಹಣ ಖರ್ಚು ಮಾಡುವುದಾದರೆ ನಾನು ಇದಕ್ಕೇ ಮೊದಲು ಮಾಡುತ್ತೇನೆ.

ಲೇಬಲ್ ವಿಷಯ. ವೋಲ್ಟೇಜ್, ಎಷ್ಟು ದೂರದವರೆಗೆ ಅಪಾಯ, ಎಷ್ಟು ಕ್ಯಾಲೊರಿ ಅಥವಾ ಯಾವ ಮಟ್ಟದ ಬಟ್ಟೆ ಬೇಕು, ಇಷ್ಟು ಇರಲೇಬೇಕು. ರಿಪೋರ್ಟ್ ನಂಬರ್, ತಾರೀಕು ಸೇರಿಸಿ. ಡೇಂಜರ್ ಬೋರ್ಡ್‌ನಲ್ಲಿ ಹಿಂದಿ ಅಥವಾ ಇಂಗ್ಲಿಷ್ ಜೊತೆ ಆ ಜಿಲ್ಲೆಯ ಭಾಷೆ ಇರಬೇಕು, ತಲೆಬುರುಡೆ ಗುರುತೂ ಇರಬೇಕು ಅಂತ ನಮ್ಮ ನಿಯಮದಲ್ಲೇ ಇದೆ. ಆರ್ಕ್ ಲೇಬಲ್ ಮಾತ್ರ ಎಲ್ಲೆಡೆ ಇಂಗ್ಲಿಷ್‌ನಲ್ಲೇ ಅಚ್ಚಾಗಿ ಬರುತ್ತದೆ. ನಮ್ಮ ಹುಡುಗರಲ್ಲಿ ತುಮಕೂರು, ಮಧುಗಿರಿ ಕಡೆಯವರಿದ್ದಾರೆ, ಒಡಿಶಾ, ಬಿಹಾರದವರೂ ಇದ್ದಾರೆ. ಕನ್ನಡ, ಹಿಂದಿ ಎರಡರಲ್ಲೂ 'ಈ ಬಾಗಿಲು ತೆರೆಯುವ ಮುನ್ನ ಆಫ್ ಮಾಡಿ' ಅಂತ ಒಂದು ಸಾಲು ಹಾಕಿಸಲು ಕನ್ಸಲ್ಟೆಂಟ್‌ಗೆ ಹೇಳಿ. ಹಳೇ ಲೇಬಲ್ ಮೇಲೆ ಹೊಸದು ಅಂಟಿಸಬೇಡಿ. ಬಿಸಿಲಿಗೆ ಮೇಲಿನದು ಸಿಪ್ಪೆ ಎದ್ದರೆ ಹಳೆಯದೇ ಮತ್ತೆ ಕಾಣುತ್ತದೆ. ಇನ್ನೊಂದು, ಹೇಳಲೇಬೇಕು: ಆಯುಧ ಪೂಜೆ ದಿನ ಅರಿಶಿನ ಕುಂಕುಮ ಬಳಿಯುವುದು ಬಾಗಿಲ ನಡುಮಧ್ಯೆ. ಲೇಬಲ್ ಇರುವುದೂ ಅಲ್ಲೇ. ನಾವು ಈಗ ಲೇಬಲನ್ನು ಹಿಡಿಯ ಪಕ್ಕ, ಕಣ್ಣಿನ ಎತ್ತರಕ್ಕೆ ಅಂಟಿಸುತ್ತೇವೆ. ಪೂಜೆಗೆ ಬೇರೆ ಜಾಗ ಬಿಟ್ಟಿದ್ದೇವೆ. ಯಾರಿಗೂ ಬೇಜಾರಿಲ್ಲ.

ದಿನನಿತ್ಯದ ಕಾವಲು

ಇಲ್ಲಿ ಮೂರು ಅಭ್ಯಾಸ ಇಟ್ಟುಕೊಂಡರೆ ಉಳಿದದ್ದು ಹಗುರ. ಮೊದಲನೆಯದು ಸೆಟ್ಟಿಂಗ್ ರಿಜಿಸ್ಟರ್. ಪ್ರತಿ ಬ್ರೇಕರ್‌ಗೆ ಒಂದು ಪುಟ. ಸ್ಟಡಿ ಹೇಳಿದ ಸೆಟ್ಟಿಂಗ್, ಈಗಿನ ಸೆಟ್ಟಿಂಗ್, ಬದಲಿಸಿದವರು, ಕಾರಣ. ರಿಲೀಸ್‌ನ ಪಾರದರ್ಶಕ ಮುಚ್ಚಳಕ್ಕೆ ಸೀಲ್ ಹಾಕಿ. ಸೀಲ್ ಒಡೆದಿದ್ದರೆ ರಿಜಿಸ್ಟರ್‌ನಲ್ಲಿ ಒಂದು ಸಾಲು ಇರಲೇಬೇಕು. ರಾತ್ರಿ ಶಿಫ್ಟ್‌ನವರಿಗೂ ಸೀಲ್ ಒಡೆದು ಬರೆದಿಡುವ ಅಧಿಕಾರ ಕೊಡಿ, ಬೈಯಬೇಡಿ. ಬೈದರೆ ತಿರುಗಿಸುವುದನ್ನು ನಿಲ್ಲಿಸುವುದಿಲ್ಲ, ಬರೆಯುವುದನ್ನು ನಿಲ್ಲಿಸುತ್ತಾರೆ.

ಎರಡನೆಯದು ಒಂದು ಪುಟದ ಬದಲಾವಣೆ ಫಾರಂ. ಹೊಸ ಮಷಿನ್ ಪರ್ಚೇಸ್‌ಗೆ ಹೋಗುವಾಗಲೇ ಅದು ನನ್ನ ಮೇಜಿಗೆ ಬರಬೇಕು. ಸ್ಟಡಿ ತಿದ್ದಬೇಕಾ, ಬೇಡವಾ ಅಂತ ಒಂದೇ ಪ್ರಶ್ನೆ. ಬೇಡ ಅಂದರೂ ಕಾರಣ ಬರೆದು ಸಹಿ. ಆಡಿಟರ್ ಕೇಳಿದಾಗ ಈ ಫೈಲ್ ಕೊಟ್ಟು ನೋಡಿ, ಲೇಬಲ್ ತಾರೀಕಿಗಿಂತ ಜಾಸ್ತಿ ಹೊತ್ತು ಅದನ್ನೇ ಓದುತ್ತಾರೆ.

ಮೂರನೆಯದು ಬ್ರೇಕರ್‌ನ ಆರೋಗ್ಯ. ಬ್ರೇಕರ್ ಕ್ಯಾಟಲಾಗ್‌ನಲ್ಲಿ ಇದ್ದಷ್ಟು ಬೇಗ ತೆರೆಯುತ್ತದೆ ಅಂತ ಸ್ಟಡಿ ನಂಬಿಕೊಂಡಿರುತ್ತದೆ. ವರ್ಷಗಟ್ಟಲೆ ಆಫ್ ಮಾಡದ ಏಸಿಬಿಯಲ್ಲಿ ಗ್ರೀಸ್ ಒಣಗಿ ಮೆಕ್ಯಾನಿಸಂ ಬಿಗಿದುಕೊಂಡಿರುತ್ತದೆ. ರಿಲೇ ಸರಿಯಾದ ಹೊತ್ತಿಗೆ ಹೇಳಿದರೂ ಬ್ರೇಕರ್ ತಡವಾಗಿ ಕೇಳಿಸಿಕೊಳ್ಳುತ್ತದೆ. ಸರ್ವಿಸ್ ರಿಪೋರ್ಟ್, ರಿಲೇ ಟೆಸ್ಟ್ ರಿಪೋರ್ಟ್ ಎರಡೂ ಸ್ಟಡಿ ಫೈಲಿನಲ್ಲೇ ಇರಲಿ. ಸರ್ವಿಸ್ ಆಗದ ಬ್ರೇಕರ್‌ನ ಕೆಳಗಿನ ಲೇಬಲನ್ನು ನಾನು ನಂಬುವುದಿಲ್ಲ.

ಕನ್ಸಲ್ಟೆಂಟ್ ಜೊತೆ ಒಪ್ಪಂದ ಮಾಡುವಾಗ ಪಿಡಿಎಫ್ ರಿಪೋರ್ಟ್ ಜೊತೆ ಸಾಫ್ಟ್‌ವೇರ್ ಮಾಡೆಲ್ ಫೈಲನ್ನೂ ಕೊಡಬೇಕು ಅಂತ ಬರೆಸಿ. ಇಟ್ಯಾಪ್ ಆಗಲಿ, ಬೇರೆ ಯಾವುದೇ ಆಗಲಿ. ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮುಂದಿನ ಸಲ ಒಂದು ಫೀಡರ್ ಸೇರಿಸಲೂ ಪೂರ್ತಿ ಸ್ಟಡಿಯ ದುಡ್ಡು ಕೇಳುತ್ತಾರೆ. ಬೇರೆಯವರ ಹತ್ತಿರ ಹೋದರೆ ಮತ್ತೆ ಮೊದಲಿನಿಂದ ಶುರು. ಅಂದಾಜು ಮಾಡಿದ ಅಂಕಿಗಳ ಪಟ್ಟಿಯನ್ನೂ ಬೇರೆ ಹಾಳೆಯಲ್ಲಿ ಕೇಳಿ. ಮುಂದಿನ ಶಟ್‌ಡೌನ್‌ನಲ್ಲಿ ಮೊದಲು ನೋಡಬೇಕಾದದ್ದು ಅದೇ ಪಟ್ಟಿ. ಕೊನೆಯ ಬಿಲ್ ಪಾಸ್ ಮಾಡುವ ಮುಂಚೆ ಅವರ ಲ್ಯಾಪ್‌ಟಾಪ್‌ನಲ್ಲೇ ಆ ಫೈಲ್ ತೆರೆಸಿ, ನಿಮ್ಮ ಮೇನ್ ಏಸಿಬಿಯ ಶಾರ್ಟ್ ಟೈಮ್ ಡಿಲೇ ಎಷ್ಟಿದೆ ಅಂತ ಓದಿಸಿ. ಓದಿದ ಅಂಕಿ ಹಿಡಿದುಕೊಂಡು ಪ್ಯಾನಲ್ ರೂಮಿಗೆ ಹೋಗಿ ಡಯಲ್ ಜೊತೆ ತಾಳೆ ನೋಡಿ, ಆಮೇಲೆ ಸಹಿ ಹಾಕಿ.